ಮಗಳ ಹೃದಯದ ವಾಲ್ವ್ ಕಿರಿದಾಗಿದೆ, ಬಲೂನ್ ಮಾಡಿಸ್ಬೇಕಂತೆ. ಕಾಯಬಹುದಾ?

ಚಿಕ್ಕಿ_ಅಮ್ಮ:
ಎಲ್ರಿಗೂ ನಮಸ್ಕಾರ. ಇಲ್ಲಿ ಮೊದಲ ಸಲ ಬರೀತಿದೀನಿ, ಉದ್ದ ಆದ್ರೆ ಬೇಜಾರು ಮಾಡ್ಕೋಬೇಡಿ. ಮಗಳಿಗೆ 4 ವರ್ಷ. ಕೆಮ್ಮು ಅಂತ ತೋರ್ಸೋಕೆ ಕರ್ಕೊಂಡು ಹೋದಾಗ ಮಕ್ಕಳ ಡಾಕ್ಟ್ರು ಎದೆ ಮೇಲೆ ಸ್ಟೆತಸ್ಕೋಪ್ ಇಟ್ಟು ತುಂಬಾ ಹೊತ್ತು ಕೇಳಿಸ್ಕೊಂಡ್ರು, ಮರ್ಮರ್ ಇದೆ, ಅಂದ್ರೆ ಹೃದಯದ ಬಡಿತದ ಜೊತೆ ಬೇರೆ ಸದ್ದು ಕೇಳತ್ತೆ, ಎಕೋ (ಹೃದಯದ ಸ್ಕ್ಯಾನ್) ಮಾಡ್ಸಿ ಅಂದ್ರು. ಎಕೋದಲ್ಲಿ ಪಲ್ಮನರಿ ವಾಲ್ವ್ ಸ್ಟೆನೋಸಿಸ್ ಅಂತ ಬಂತು, ಗ್ರೇಡಿಯೆಂಟ್ 70 ಅಂತ ಬರ್ದಿದಾರೆ. ಹೃದಯದ ಡಾಕ್ಟ್ರು ಚಿತ್ರ ಬರ್ದು ತೋರ್ಸಿ, ಬಲೂನ್ ಹಾಕಿ ತೆರೀಬೇಕು, ಇವತ್ತೇ ಅನ್ನೋ ಅರ್ಜೆಂಟ್ ಇಲ್ಲ ಆದ್ರೆ ಒಂದೆರಡು ತಿಂಗಳೊಳಗೆ ಮಾಡಿಸ್ಬಿಡಿ ಅಂದ್ರು. ಅವ್ರು ಚೆನ್ನಾಗೇ ಹೇಳಿದ್ರು, ನನ್ನ ಕಿವಿಗೆ ಬೀಳ್ಲಿಲ್ಲ ಅಷ್ಟೆ, ಹೃದಯ ಅನ್ನೋ ಪದ ಕೇಳಿದ್ಮೇಲೆ ತಲೆ ಖಾಲಿಯಾಗೋಯ್ತು.

ಮಗು ನೋಡಿದ್ರೆ ಯಾರೂ ನಂಬಲ್ಲ. ಓಡ್ತಾಳೆ, ಮೆಟ್ಟಿಲು ಹತ್ತಿ ಇಳೀತಾಳೆ, ಮೈ ನೀಲಿ ಆಗಲ್ಲ, ತೂಕ ಸರಿಯಾಗಿದೆ. ಅದಕ್ಕೇ ಅತ್ತೆ ಹೇಳ್ತಿದಾರೆ, ಆಡ್ಕೊಂಡಿರೋ ಮಗೂಗೆ ಯಾಕೆ ಸುಮ್ನೆ ಚುಚ್ಚಿಸ್ತೀರಾ, ಹತ್ತು ವರ್ಷ ಆಗ್ಲಿ ತಡ್ಕೊಳ್ಳೋ ಶಕ್ತಿ ಬರತ್ತೆ ಅಂತ. ಯಜಮಾನ್ರು ಏನೂ ಮಾತಾಡ್ತಿಲ್ಲ. ಆ ಬಲೂನು ಒಳಗೇ ಇರತ್ತಾ? ಒಳಗೆ ಒಡೆದ್ರೆ ಗತಿ ಏನು? ಕಾಯಬಹುದಾ? ಮಾಡ್ಸಿದೋರು ಯಾರಾದ್ರೂ ಇದ್ರೆ ದಯವಿಟ್ಟು ಬರೀರಿ.

ನಡುರಾತ್ರಿ_ಓದು:
ಧೈರ್ಯ ತಗೊಳ್ಳಿ ಮೇಡಂ. ನಮ್ಮ ನಾದಿನಿ ಮಗಳಿಗೂ ಇದೇ ಆಗಿತ್ತು, ಮಾರನೇ ದಿನಾನೇ ಮನೆಗೆ ಬಂದ್ಲು.

ಎರಡು_ಬಲೂನ್_ಅಪ್ಪ:
ಬಲೂನ್ ಅಂದ ತಕ್ಷಣ ಸುಲಭ ಅನ್ಕೋಬೇಡಿ, ನಾನು ಅನುಭವಿಸಿದ್ದು ಹೇಳ್ತೀನಿ. ನನ್ನ ಮಗನಿಗೆ ಹುಟ್ಟಿ 5 ದಿನಕ್ಕೆ ಒಂದು ಸಲ, 9 ವರ್ಷಕ್ಕೆ ಇನ್ನೊಂದು ಸಲ ಮಾಡ್ಸಿದ್ವಿ. ಈಗ ಅವನಿಗೆ 14. ವಾಲ್ವ್ ತೆರ್ಕೊಂತು ನಿಜ, ಆದ್ರೆ ಲೀಕ್ ಶುರುವಾಗಿದೆ, ಮುಂದೆ ಓಪನ್ ಹಾರ್ಟ್ ಆಪರೇಷನ್ ಬೇಕೇ ಬೇಕು ಅಂದಿದಾರೆ. ಮೊದಲನೇ ಸಲ ಕಾಲಿನ ನಾಡಿ ಸಿಗದೆ ಎರಡು ದಿನ ರಕ್ತ ತೆಳು ಮಾಡೋ ಔಷಧಿ ಹಾಕಿದ್ರು. ಯಾರೂ ನಮಗೆ ಇದು ಮತ್ತೆ ಮತ್ತೆ ಬರೋ ವಿಷಯ ಅಂತ ಬಿಡಿಸಿ ಹೇಳ್ಲಿಲ್ಲ. ಮಾಡಿಸ್ಬೇಡಿ ಅಂತಿಲ್ಲ, ಎಲ್ಲಾ ಕೇಳಿ ತಿಳ್ಕೊಂಡು ಮಾಡ್ಸಿ.

ಚಿಕ್ಕಿ_ಅಮ್ಮ:
ಇದನ್ನ ಓದಿ ಕೈಕಾಲು ತಣ್ಣಗಾಯ್ತು. ಲೀಕ್ ಆದ್ರೆ ಮತ್ತೆ ಎದೆ ತೆಗೀಬೇಕಾ? ಹಾಗಾದ್ರೆ ಅತ್ತೆ ಹೇಳೋದೇ ಸರಿ ಅನ್ಸ್ತಿದೆ.

ಕ್ಯಾಥ್‌ಲ್ಯಾಬ್_ನರ್ಸ್:
ಚಿಕ್ಕಿ ಅಮ್ಮ, ಒಂದ್ನಿಮಿಷ ತಡೀರಿ. ಎರಡು ಬಲೂನ್ ಅಪ್ಪ ಅವ್ರೇ, ನಿಮ್ಮ ಮಗನದ್ದು ಯಾವ ವಾಲ್ವ್ ಸಾರ್?

ಎರಡು_ಬಲೂನ್_ಅಪ್ಪ:
ಅಯೋರ್ಟಿಕ್. ಯಾವ್ದಾದ್ರೇನು, ಹಾಕೋದು ಎರಡಕ್ಕೂ ಬಲೂನೇ ತಾನೆ.

ಕ್ಯಾಥ್‌ಲ್ಯಾಬ್_ನರ್ಸ್:
ಅಲ್ಲೇ ಇರೋದು ಸಾರ್ ವಿಷಯ. ಎರಡಕ್ಕೂ ಅಜಗಜಾಂತರ. 11 ವರ್ಷದಿಂದ ಕ್ಯಾಥ್ ಲ್ಯಾಬಲ್ಲಿ, ಅಂದ್ರೆ ರಕ್ತನಾಳದ ಮೂಲಕ ಸಣ್ಣ ಕೊಳವೆ (ಕ್ಯಾಥೆಟರ್) ತೂರಿಸಿ ಹೃದಯದ ಚಿಕಿತ್ಸೆ ಮಾಡೋ ಕೋಣೆಲಿ, ಕೆಲಸ ಮಾಡ್ತಿದೀನಿ, ಡಾಕ್ಟರ್ ಅಲ್ಲ, ಆದ್ರೆ ದಿನಾ ಕಣ್ಣಾರೆ ನೋಡೋದನ್ನ ಹೇಳ್ತೀನಿ.

ಪಲ್ಮನರಿ ವಾಲ್ವ್ ಅಂದ್ರೆ ಹೃದಯದ ಬಲಗಡೆ ಕೋಣೆಯಿಂದ ಶ್ವಾಸಕೋಶಕ್ಕೆ ರಕ್ತ ಹೋಗೋ ಬಾಗಿಲು. ಅದಕ್ಕೆ ಮೂರು ಎಸಳು. ಈ ಮಕ್ಕಳಲ್ಲಿ ಎಸಳುಗಳ ಅಂಚು ಒಂದಕ್ಕೊಂದು ಅಂಟ್ಕೊಂಡಿರತ್ತೆ, ಮೊಗ್ಗು ಪೂರ್ತಿ ಅರಳದೆ ತುದೀಲಿ ಸಣ್ಣ ತೂತು ಮಾತ್ರ ಬಿಟ್ಟ ಹಾಗೆ. ಬಲಗಡೆ ಕೋಣೆ ಆ ತೂತಲ್ಲಿ ರಕ್ತ ತಳ್ಳೋಕೆ ಜೋರಾಗಿ ಒತ್ತಬೇಕು, ಒತ್ತಿ ಒತ್ತಿ ಅದರ ಗೋಡೆ ದಪ್ಪ ಆಗತ್ತೆ. ಬಲೂನು ಉಬ್ಬಿದಾಗ ಆ ಅಂಟಿರೋ ಅಂಚುಗಳು ಬಿಟ್ಕೊಳ್ತವೆ. ಸ್ವಲ್ಪ ಲೀಕ್ ಆಗೋದು ಸಾಮಾನ್ಯ, ಆದ್ರೆ ಶ್ವಾಸಕೋಶದ ಕಡೆ ಒತ್ತಡ ಕಮ್ಮಿ, ಹಾಗಾಗಿ ಬಲಗಡೆ ಕೋಣೆ ಅದನ್ನ ವರ್ಷಾನುಗಟ್ಲೆ ಸಹಿಸ್ಕೊಳ್ಳತ್ತೆ.

ಅಯೋರ್ಟಿಕ್ ವಾಲ್ವ್ ಎಡಗಡೆದು. ಇಡೀ ಮೈಗೆ ರಕ್ತ ಹೋಗೋದು ಅದರಿಂದಾನೇ, ಒತ್ತಡ ಅಲ್ಲಿ ಹಲವು ಪಟ್ಟು ಜಾಸ್ತಿ, ಅಲ್ಲಿ ಲೀಕ್ ಜೋರಾದ್ರೆ ಎಡಗಡೆ ಕೋಣೆ ಸೋಲತ್ತೆ. ಅದಕ್ಕೇ ಬಲೂನಿನ ಅಳತೇನೇ ಬೇರೆ. ಪಲ್ಮನರಿಗೆ ವಾಲ್ವಿನ ಉಂಗುರಕ್ಕಿಂತ 20-25% ದೊಡ್ಡ ಬಲೂನು ತಗೋತಾರೆ, ಅಂದ್ರೆ ಉಂಗುರ 15 ಮಿಲಿಮೀಟರ್ ಇದ್ರೆ ಬಲೂನು 18. ಅಯೋರ್ಟಿಕ್‌ಗೆ ಉಂಗುರಕ್ಕಿಂತ ಚಿಕ್ಕದರಿಂದ ಶುರು ಮಾಡ್ತಾರೆ, 80-90% ಅಷ್ಟೇ. ದಾರೀನೂ ಬೇರೆ, ಪಲ್ಮನರಿಗೆ ತೊಡೆ ಸಂದಿನ ಸಿರೆಯಿಂದ ಹೋಗ್ತಾರೆ, ಅಯೋರ್ಟಿಕ್‌ಗೆ ಹೆಚ್ಚಾಗಿ ಅಪಧಮನಿಯಿಂದ. ಎಳೇ ಮಕ್ಕಳ ಅಪಧಮನಿ ತುಂಬಾ ಸಣ್ಣದು, ಕಾಲಿನ ನಾಡಿ ತೊಂದ್ರೆ ಜಾಸ್ತಿ ಬರೋದು ಅಲ್ಲೇ. ಈ ಅಪ್ಪ ಪಟ್ಟ ಕಷ್ಟ ಸತ್ಯ, ಆದ್ರೆ ಅದು ನಿಮ್ಮ ಮಗಳ ಕಥೆ ಅಲ್ಲ.

ಚಿಕ್ಕಿ_ಅಮ್ಮ:
ಅಕ್ಕಾ ತುಂಬಾ ಥ್ಯಾಂಕ್ಸ್. ಈಗ ಆ ಡಾಕ್ಟ್ರು ಬರ್ದ ಚಿತ್ರ ಅರ್ಥ ಆಗ್ತಿದೆ. ಒಡೆಯೋ ವಿಷಯ?

ಕ್ಯಾಥ್‌ಲ್ಯಾಬ್_ನರ್ಸ್:
ಅದು ಆಟದ ರಬ್ಬರ್ ಬಲೂನ್ ಥರ ಅಲ್ಲ, ಗಟ್ಟಿ ಪ್ಲಾಸ್ಟಿಕ್‌ದು, ಉಬ್ಬಿದ್ರೆ ಉದ್ದುದ್ದ ಸಣ್ಣ ಕೊಳವೆ ಹಾಗೆ ಕಾಣತ್ತೆ, ನಿಗದಿ ಅಳತೆಗಿಂತ ದೊಡ್ಡದಾಗಲ್ಲ. ಒಳಗೆ ಗಾಳಿ ತುಂಬಲ್ಲ, ಇದು ಎಲ್ರೂ ಕೇಳೋ ಪ್ರಶ್ನೆ, ಎಕ್ಸ್‌ರೇಲಿ ಕಾಣೋ ದ್ರವಾನ ಸಲೈನ್ ಜೊತೆ ಬೆರೆಸಿ ತುಂಬ್ತಾರೆ. ಎಷ್ಟು ಒತ್ತಡದವರೆಗೆ ಹೋಗ್ಬಹುದು ಅಂತ ಪ್ರತಿ ಬಲೂನಿಗೂ ಬರ್ದಿರತ್ತೆ. ಅಪರೂಪಕ್ಕೆ ಸೀಳಿದ್ರೂ ಆ ದ್ರವ ರಕ್ತದಲ್ಲಿ ಬೆರೆಯತ್ತೆ ಅಷ್ಟೆ, ಗಾಳಿ ಹೋಗಲ್ಲ. ಉಬ್ಬಿರೋದು ಕೆಲವೇ ಸೆಕೆಂಡ್. ಆಮೇಲೆ ಖಾಲಿ ಮಾಡಿ ಹೊರಗೆ ತೆಗೀತಾರೆ, ಒಳಗೆ ಏನೂ ಉಳಿಯಲ್ಲ. ಒಳಗೇ ಬಿಡೋ ಲೋಹದ ಜಾಲರಿ, ಸ್ಟೆಂಟ್ ಅಂತಾರಲ್ಲ, ಅದರ ಜೊತೆ ಇದನ್ನ ಸೇರಿಸ್ಬೇಡಿ.

ಪರದೆ ಮೇಲೆ ನೋಡೋಕೆ ಸಿಕ್ಕಿದ್ರೆ ಮೊದಲು ಬಲೂನಿನ ಮಧ್ಯ ಒಂದು ಸೊಂಟ ಕಾಣತ್ತೆ, ಡಮರು ಥರ, ವಾಲ್ವ್ ಹಿಸುಕ್ತಿರೋ ಜಾಗ ಅದು. ಒತ್ತಡ ಏರಿಸಿದ ಹಾಗೆ ಆ ಸೊಂಟ ಪಟ್ ಅಂತ ಮಾಯ ಆಗತ್ತೆ. ಇಷ್ಟು ವರ್ಷ ಆದ್ರೂ ಆ ಕ್ಷಣಕ್ಕೆ ನಾನು ಉಸಿರು ಹಿಡ್ಕೊಂಡೇ ನಿಂತಿರ್ತೀನಿ.

ಎರಡು_ಬಲೂನ್_ಅಪ್ಪ:
ನರ್ಸ್ ಮೇಡಂ, ಒಪ್ಕೊಂಡೆ, ನನಗೆ ಈ ವ್ಯತ್ಯಾಸ 14 ವರ್ಷದಲ್ಲಿ ಯಾರೂ ಹೀಗೆ ಹೇಳಿರ್ಲಿಲ್ಲ. ಆದ್ರೂ ಒಂದು ಮಾತು. "ಅದು ನಿಮ್ಮ ಕಥೆ ಅಲ್ಲ" ಅಂತ ತಳ್ಳಿಹಾಕಿದ್ರೆ ಅಯೋರ್ಟಿಕ್ ಮಕ್ಕಳ ಅಪ್ಪ ಅಮ್ಮ ಇಲ್ಲಿ ಏನೂ ಬರೆಯೋದೇ ಬೇಡ್ವಾ?

ಕ್ಯಾಥ್‌ಲ್ಯಾಬ್_ನರ್ಸ್:
ಖಂಡಿತ ಬರೀರಿ ಸಾರ್, ತಪ್ಪು ತಿಳ್ಕೋಬೇಡಿ. ಯಾವ ವಾಲ್ವ್ ಅಂತ ಮೊದಲ ಸಾಲಲ್ಲೇ ಬರೀರಿ ಅಷ್ಟೆ ನನ್ನ ಕೋರಿಕೆ. ಯಾರೋ ತಾಯಿ ಹೆದರಿ ಮಗೂನ ಕರ್ಕೊಂಡು ಬರದೇ ಇದ್ರೆ ಅದು ಸಂಕಟ.

ಎರಡು_ಬಲೂನ್_ಅಪ್ಪ:
ಸರಿ, ಹಾಗೇ ಬರೀತೀನಿ. ಅಯೋರ್ಟಿಕ್, ಹುಟ್ಟಿದಾಗ್ಲೇ ತುಂಬಾ ಕಿರಿದು. ಮೊದಲ ಎರಡು ದಿನ ಚೆನ್ನಾಗಿದ್ದ, ಮೂರನೇ ದಿನ ಹಾಲು ಕುಡೀಲಿಲ್ಲ, ಮೈ ಬೂದಿ ಬಣ್ಣಕ್ಕೆ ತಿರುಗ್ತು, ಕಾಲು ತಣ್ಣಗೆ. ಹೊಟ್ಟೆಲಿರುವಾಗ ಮಕ್ಕಳಿಗೆ ತೆರೆದಿರೋ ಒಂದು ನಾಳ ಹುಟ್ಟಿದ್ಮೇಲೆ ಮುಚ್ಕೊಳ್ಳತ್ತಂತೆ, ಇಂಥ ಮಕ್ಕಳಿಗೆ ಆ ನಾಳಾನೇ ಜೀವ ಉಳಿಸ್ತಿರತ್ತಂತೆ. ಅದನ್ನ ಮತ್ತೆ ತೆರೆದಿಡೋಕೆ ಪ್ರೊಸ್ಟಾಗ್ಲಾಂಡಿನ್ ಅನ್ನೋ ಔಷಧಿ ಡ್ರಿಪ್ಪಲ್ಲಿ ಕೊಟ್ರು, ಅದು ಕೆಲವು ಮಕ್ಕಳಿಗೆ ಉಸಿರು ನಿಲ್ಲಿಸ್ಬಿಡತ್ತೆ ಅಂತ ವೆಂಟಿಲೇಟರ್ ಪಕ್ಕದಲ್ಲೇ ಇಟ್ಕೊಂಡು ಕೊಟ್ರು. 5ನೇ ದಿನ ಬಲೂನು. ಸಂಜೆ ಹೊತ್ತಿಗೆ ಮೈ ಬಣ್ಣ ಬಂತು. ಆ ಬಲೂನು ಇರ್ದಿದ್ರೆ ಇವತ್ತು ಮಗ ಇರ್ತಿರ್ಲಿಲ್ಲ, ಇದನ್ನ ಮೊದಲ ಪೋಸ್ಟಲ್ಲೇ ಬರೀಬೇಕಿತ್ತು, ಬರೀಲಿಲ್ಲ.

ಎರಡನೇ ಸಲ ಪೇಸಿಂಗ್ ಅಂತ ಮಾಡಿದ್ರು, ಹೃದಯಾನ ಕೆಲವು ಸೆಕೆಂಡ್ ತುಂಬಾ ವೇಗವಾಗಿ ಬಡಿಯೋ ಹಾಗೆ ಮಾಡಿ ರಕ್ತದ ರಭಸ ತಗ್ಗಿಸೋದು, ಇಲ್ಲಾಂದ್ರೆ ಬಲೂನು ಜಾರಿ ಎಸಳು ಹರಿಯತ್ತಂತೆ. ಮುಂದೆ ಅವನಿಗೆ ರಾಸ್ ಆಪರೇಷನ್ ಬಗ್ಗೆ ಮಾತಾಡ್ತಿದಾರೆ, ಅವನದ್ದೇ ಪಲ್ಮನರಿ ವಾಲ್ವನ್ನ ಅಯೋರ್ಟಿಕ್ ಜಾಗಕ್ಕೆ ಹಾಕೋದು. ಲೋಹದ ವಾಲ್ವ್ ಹಾಕಿದ್ರೆ ಅದು ಮಗು ಜೊತೆ ಬೆಳೆಯಲ್ಲ, ಜೀವನ ಪೂರ್ತಿ ರಕ್ತ ತೆಳು ಮಾಡೋ ಮಾತ್ರೆ. ಬಲೂನಿಂದ ನಮಗೆ ಸಿಕ್ಕಿದ್ದು 14 ವರ್ಷ, ಅಷ್ಟು ಹೊತ್ತಿಗೆ ಅವನು ಬೆಳೆದಿದಾನೆ.

ನಡುರಾತ್ರಿ_ಓದು:
ಕಣ್ಣಲ್ಲಿ ನೀರು ಬಂತು ಅಣ್ಣ. ಮಗನಿಗೆ ಒಳ್ಳೇದಾಗ್ಲಿ.

ಸುಮ್ನೆ_ಕೇಳ್ದೆ:
ನಾನು ಬೇರೆ ಥರ ಹೇಳ್ತೀನಿ. ನಮ್ಮ ಅಣ್ಣನ ಮಗನಿಗೂ ಇದೇ ಪಲ್ಮನರಿ ಸ್ಟೆನೋಸಿಸ್, 12 ವರ್ಷ ಆಯ್ತು, ಒಂದು ಮಾತ್ರೆ ಇಲ್ಲ, ಬಲೂನಿಲ್ಲ, ಫುಟ್‌ಬಾಲ್ ಆಡ್ತಾನೆ. ಡಾಕ್ಟ್ರೇ ಸುಮ್ನೆ ನೋಡ್ತಿರೋಣ ಅಂದ್ರು. ಹಂಗಾಗಿ ಎಲ್ರಿಗೂ ಬೇಕು ಅನ್ನೋದು ಸುಳ್ಳು. ಬೆಳೀತಾ ಬೆಳೀತಾ ಸರಿ ಹೋಗತ್ತೆ.

ಗಣಿತ_ಮೇಷ್ಟ್ರು:
ಅವನ ಗ್ರೇಡಿಯೆಂಟ್ ಎಷ್ಟಿತ್ತು?

ಸುಮ್ನೆ_ಕೇಳ್ದೆ:
ಅಣ್ಣನ್ನ ಕೇಳಿ ಹೇಳ್ತೀನಿ... 25 ಅಂತೆ.

ಗಣಿತ_ಮೇಷ್ಟ್ರು:
25 ಎಲ್ಲಿ 70 ಎಲ್ಲಿ. ಗ್ರೇಡಿಯೆಂಟ್ ಅಂದ್ರೆ ವಾಲ್ವಿನ ಆಚೆ ಈಚೆ ಒತ್ತಡದ ವ್ಯತ್ಯಾಸ, ಬಿಪಿ ಅಳೆಯೋ ಅದೇ ಮಾಪನದಲ್ಲಿ. ಎಕೋದಲ್ಲಿ ನೇರವಾಗಿ ಒತ್ತಡ ಅಳೆಯಲ್ಲ, ರಕ್ತ ಚಿಮ್ಮೋ ವೇಗ ಅಳೀತಾರೆ. ವೇಗದ ವರ್ಗ ಇಂಟು 4, ಅದೇ ಗ್ರೇಡಿಯೆಂಟ್. ಸೆಕೆಂಡಿಗೆ 4.2 ಮೀಟರ್ ಇದ್ರೆ 4.2 × 4.2 × 4 ಅಂದ್ರೆ ಸುಮಾರು 70. ನಿಮ್ಮ ಹುಡುಗಂದು 2.5 ಮೀಟರ್, 25. ನೀರಿನ ಪೈಪಿನ ಬಾಯಿಗೆ ಹೆಬ್ಬೆರಳು ಅಡ್ಡ ಇಟ್ರೆ ನೀರು ಜೋರಾಗಿ ಚಿಮ್ಮತ್ತಲ್ಲ, ತತ್ವ ಅದೇ.

40ರ ಒಳಗಿದ್ದು ಮಗು ಚೆನ್ನಾಗಿದ್ರೆ ಸಾಮಾನ್ಯವಾಗಿ ಕಾಯ್ತಾರೆ, ಎಳೇ ಕೂಸು ದಾಟಿದ ಮಕ್ಕಳಲ್ಲಿ ಅದು ಹೆಚ್ಚಾಗಿ ಅಷ್ಟರಲ್ಲೇ ಉಳಿಯತ್ತೆ. 64 ದಾಟಿದ್ರೆ ತೀವ್ರ ಅಂತ ಲೆಕ್ಕ. ಚಿಕ್ಕಿ ಅಮ್ಮನ ಮಗಳದ್ದು ತಾನಾಗೇ ಸರಿ ಹೋಗೋ ಗುಂಪಲ್ಲ. ನಾನು ಡಾಕ್ಟರ್ ಅಲ್ಲ, ನನ್ನ ಮಗಳ ಫೈಲು ಆರು ವರ್ಷ ಹೊತ್ಕೊಂಡು ತಿರುಗಿ ಕಲ್ತಿದ್ದು.

ಸುಮ್ನೆ_ಕೇಳ್ದೆ:
ಸರಿ ಮೇಷ್ಟ್ರೇ, ನಂಬರ್ ನೋಡ್ದೆ ಹೇಳಿದ್ದು ತಪ್ಪಾಯ್ತು. ಔಷಧಿಲಿ ತೆರ್ಕೊಳ್ಳಲ್ವಾ ಆದ್ರೆ? ಯಾವ್ದೋ ಕಷಾಯ ಇದೆ ಅಂತ ಕೇಳಿದ್ದೆ.

ಕ್ಯಾಥ್‌ಲ್ಯಾಬ್_ನರ್ಸ್:
ಇಲ್ಲ. ಅಂಟಿರೋ ಎಸಳು ಬಿಡಿಸೋ ಔಷಧಿ ಯಾವ ಪದ್ಧತಿಲೂ ಇಲ್ಲ. ಔಷಧಿ ಕೊಡೋದು ಹೃದಯಕ್ಕೆ ಆಸರೆಯಾಗೋಕೆ ಮಾತ್ರ. ದಯವಿಟ್ಟು ಈ ಕಾರಣಕ್ಕೆ ತಿಂಗಳುಗಟ್ಲೆ ಕಳೀಬೇಡಿ.

ಚಿಕ್ಕಿ_ಅಮ್ಮ:
ಆದ್ರೆ ಅವಳಿಗೆ ಯಾವ ತೊಂದ್ರೇನೂ ಕಾಣ್ತಿಲ್ವಲ್ಲ? ಅತ್ತೆಗೆ ಇದನ್ನೇ ಹೇಗೆ ಹೇಳೋದು?

ಹಿರಿಯಜ್ಜಿ:
ತಂಗೀ, ನಾ ಅಜ್ಜಿ ಇದ್ದೀನಿ, ನಿಮ್ಮ ಅತ್ತಿ ಕಡೆ ನಿಂತು ಮಾತಾಡ್ತೀನಿ ಕೇಳು. ನನ್ನ ಮೊಮ್ಮಗಗೂ ಹಿಂಗ ಆಗಿತ್ತವ್ವಾ, ಪಲ್ಮನರಿನ. ನಾನೂ ಬ್ಯಾಡ ಅಂದಾಕಿನ. ಡಾಕ್ಟರಪ್ಪ ನನ್ನ ಕೂಡಿಸ್ಕೊಂಡು ಹೇಳಿದ, ಅಜ್ಜೀ ಹುಡುಗ ಆಡ್ತಾನ ಖರೆ, ಆದ್ರ ಅವನ ಹೃದಯ ದಿನಾ ಏರು ಹತ್ತೂದು ಹತ್ತಾಕತ್ತೈತಿ, ಹುಡುಗಗ ಗೊತ್ತಾಗಂಗಿಲ್ಲ ಯಾಕಂದ್ರ ಹುಟ್ಟಿದಾಗಿಂದ ಹಂಗ ಐತಿ, ಗೋಡಿ ದಪ್ಪಾಗಿ ಬಿರುಸಾದ ಮ್ಯಾಲ ಮಾಡಿದ್ರ ಅಷ್ಟು ಛಲೋ ಆಗಂಗಿಲ್ಲ ಅಂತ. ಆಗ ನನಗ ತಿಳೀತು. ನಿಮ್ಮ ಅತ್ತೀನ ಡಾಕ್ಟರ ಕಡೆ ಕರಕೊಂಡು ಹೋಗು, ನೀ ಹೇಳಬ್ಯಾಡ, ಅವರ ಬಾಯಿಂದ ಕೇಳ್ಲಿ. ಹಿರಿಯರು ಹಟಾ ಮಾಡೂದು ಅಂಜಿಕಿಗಿ.

ಚಿಕ್ಕಿ_ಅಮ್ಮ:
ಅಜ್ಜೀ, ಇದು ನನಗೆ ಹೊಳೆದೇ ಇರ್ಲಿಲ್ಲ. ಮುಂದಿನ ಸಲ ಅತ್ತೇನೂ ಕರ್ಕೊಂಡು ಹೋಗ್ತೀನಿ.

ಹಳೇಪುಟ:
ಹೃದಯದೊಳಗೆ ಬಲೂನ್ ಹೊಸ ಪ್ರಯೋಗ ಅಂತ ಅತ್ತೆ ಹೆದರ್ತಿದ್ರೆ ಇದನ್ನೂ ಹೇಳಿ, 40 ವರ್ಷಕ್ಕೂ ಹಳೇದು. 1982ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಜೀನ್ ಕಾನ್ ಅನ್ನೋ ಮಕ್ಕಳ ಹೃದ್ರೋಗ ತಜ್ಞೆ ಮತ್ತು ಜೊತೆಯವರು ಪಲ್ಮನರಿ ವಾಲ್ವಿಗೆ ಈ ವಿಧಾನ ವರದಿ ಮಾಡಿದ್ರು. ಅದಕ್ಕೂ 5 ವರ್ಷ ಮುಂಚೆ, 1977ರಲ್ಲಿ, ಆಂಡ್ರಿಯಾಸ್ ಗ್ರುಂಟ್‌ಜಿಗ್ ಅನ್ನೋ ಡಾಕ್ಟರ್ ದೊಡ್ಡವರ ಹೃದಯದ ರಕ್ತನಾಳಕ್ಕೆ ಬಲೂನ್ ಹಾಕಿದ್ದ, ಅದರಿಂದ ದಾರಿ ತೆರ್ಕೊಂತು. ಮಕ್ಕಳ ಅಯೋರ್ಟಿಕ್ ವಾಲ್ವಿಗೆ ಬಲೂನ್ ಹಾಕಿದ ಮೊದಲಿಗರು ಲಬಾಬಿಡಿ ಅನ್ನೋ ಡಾಕ್ಟರ್, 1983ರಲ್ಲಿ ವರದಿ ಬಂತು. ಇದಕ್ಕೆಲ್ಲಾ ಮುಂಚೆ 1947-48ರಲ್ಲಿ ಇಂಗ್ಲೆಂಡಿನ ಸೆಲ್ಲರ್ಸ್, ಬ್ರಾಕ್ ಅನ್ನೋ ಸರ್ಜನ್‌ಗಳು ಎದೆ ತೆರೆದು, ಬಡೀತಿರೋ ಹೃದಯದೊಳಗೆ ಉಪಕರಣ ತೂರಿಸಿ ಕುರುಡಾಗಿ ವಾಲ್ವ್ ಸೀಳ್ತಿದ್ರು. ಆ ಕಾಲದ ಮಕ್ಕಳನ್ನ ನೆನೆಸ್ಕೊಂಡ್ರೆ ಈಗಿನ ಸೂಜಿ ತೂತು ಎಷ್ಟೋ ವಾಸಿ.

ನಡುರಾತ್ರಿ_ಓದು:
ಹೊಟ್ಟೆಲಿರೋ ಮಗೂಗೂ ಮಾಡ್ತಾರಂತೆ ನಿಜಾನಾ?

ಹಳೇಪುಟ:
ನಿಜ. 1991ರಲ್ಲೇ ಲಂಡನ್ನಿನ ತಂಡ ಅಯೋರ್ಟಿಕ್ ವಾಲ್ವಿಗೆ ಹಾಗೆ ಮಾಡಿದ್ದು ವರದಿ ಆಗಿದೆ. ತಾಯಿ ಹೊಟ್ಟೆ ಮೂಲಕ ಸೂಜಿ ಹಾಕಿ. ಆಯ್ದ ಕೆಲವರಿಗೆ ಮಾತ್ರ, ಅಪಾಯವೂ ಇದೆ.

ಸಣ್ಣಕಿವಿ_ಅಮ್ಮ:
ಎಲ್ರೂ ಪಲ್ಮನರಿ ಅಂದ್ರೆ ಸುಲಭ ಅಂತ ಬರೀತಿದೀರಾ, ಎಲ್ಲಾ ಮಕ್ಕಳಿಗೂ ಹಾಗಲ್ಲ. ನನ್ನ ಮಗನಿಗೆ ನೂನನ್ ಸಿಂಡ್ರೋಮ್, ಹುಟ್ಟಿನಿಂದ ಬರೋ ಜೀನಿನ ತೊಂದ್ರೆ. ಈ ಮಕ್ಕಳಿಗೆ ಅತಿ ಹೆಚ್ಚಾಗಿ ಬರೋ ಹೃದಯದ ತೊಂದ್ರೆ ಪಲ್ಮನರಿ ಸ್ಟೆನೋಸಿಸ್ಸೇ, ಆದ್ರೆ ಇವರ ಎಸಳು ಅಂಟಿರೋದಕ್ಕಿಂತ ಹೆಚ್ಚಾಗಿ ದಪ್ಪಗೆ ಮುದ್ದೆ ಥರ ಇರತ್ತೆ. ಅಂಟಿರೋದನ್ನ ಬಿಡಿಸ್ಬಹುದು, ದಪ್ಪ ಇರೋದನ್ನ ಬಲೂನು ಏನ್ ಮಾಡತ್ತೆ. ಉಬ್ಬಿಸಿದಾಗ ಪಕ್ಕಕ್ಕೆ ಸರಿದು, ಖಾಲಿ ಮಾಡಿದ ತಕ್ಷಣ ಮತ್ತೆ ಅಲ್ಲೇ ಬಂದು ಕೂರತ್ತೆ. ನಮಗೆ 78 ಇದ್ದಿದ್ದು 61ಕ್ಕೆ ಇಳೀತು, ಅಷ್ಟೆ. ಎಂಟು ತಿಂಗಳಿಗೆ ಆಪರೇಷನ್ ಆಯ್ತು. ಈಗ ಹುಡುಗ ಚೆನ್ನಾಗಿದಾನೆ. ಚಿಕ್ಕಿ ಅಮ್ಮ, ನಿಮ್ಮ ಎಕೋ ರಿಪೋರ್ಟಲ್ಲಿ ಎಸಳು ತೆಳ್ಳಗಿದ್ದು ಗುಮ್ಮಟದ ಥರ ಉಬ್ಬತ್ತಾ, ಇಲ್ಲಾ ಡಿಸ್‌ಪ್ಲಾಸ್ಟಿಕ್, ಅಂದ್ರೆ ನಮ್ಮ ಹುಡುಗನ ಥರ ದಪ್ಪ ಎಸಳು, ಅಂತ ಬರ್ದಿದಾರಾ ನೋಡಿ. ಅದು ಮುಖ್ಯ.

ಚಿಕ್ಕಿ_ಅಮ್ಮ:
ನೋಡ್ದೆ. ಡೋಮಿಂಗ್, ಅದೇ ಗುಮ್ಮಟದ ಥರ ಅಂತ ಬರ್ದಿದಾರೆ, ತೆಳು ಎಸಳು ಅಂತಿದೆ. ಆ ಪದ ಎಷ್ಟು ಸಲ ಓದಿದ್ದೆ, ಒಳ್ಳೇ ಸುದ್ದಿ ಅಂತ ಗೊತ್ತಿರ್ಲಿಲ್ಲ.

ಇಪ್ಪತ್ತೊಂದು_ದಿನ:
ಮೈಟ್ರಲ್ ವಾಲ್ವ್, ಅಂದ್ರೆ ಹೃದಯದ ಎಡಗಡೆ ಮೇಲಿನ ಕೋಣೆ ಕೆಳಗಿನ ಕೋಣೆ ಮಧ್ಯದ ಬಾಗಿಲು, ಅದರ ಬಗ್ಗೆ ಯಾರೂ ಹೇಳ್ತಿಲ್ವಲ್ಲ. ನನ್ನ ತಂಗಿಗೆ 13 ವರ್ಷಕ್ಕೆ ಬಲೂನ್ ಆಯ್ತು. ಅವಳದ್ದು ಹುಟ್ಟಿನಿಂದ ಬಂದಿದ್ದಲ್ಲ, ಗಂಟಲು ನೋವು ಬಂದು ವಾಸಿಯಾಗಿ, ಆಮೇಲೆ ಕೀಲು ಊತ, ರುಮ್ಯಾಟಿಕ್ ಜ್ವರ. ಆಗ ಯಾರೂ ಹೃದಯ ನೋಡ್ಲಿಲ್ಲ. ವರ್ಷಗಳಾದ್ಮೇಲೆ ಮೆಟ್ಟಿಲು ಹತ್ತಿದ್ರೆ ಏದುಸಿರು, ರಾತ್ರಿ ಮಲಗೋಕಾಗಲ್ಲ ಎದ್ದು ಕೂರ್ತಿದ್ಲು. ಅದಕ್ಕೆ ಹಾಕೋ ಬಲೂನು ಜಪಾನಿನ ಇನೋವೆ ಅನ್ನೋ ಸರ್ಜನ್ ಮಾಡಿದ್ದು, ಹೃದಯದ ಎರಡು ಮೇಲ್ಕೋಣೆ ಮಧ್ಯದ ಗೋಡೆಗೆ ಸಣ್ಣ ತೂತು ಮಾಡಿ ಆ ಕಡೆ ದಾಟಿಸ್ತಾರೆ. ಈಗ 21 ದಿನಕ್ಕೊಮ್ಮೆ ಪೆನಿಸಿಲಿನ್ ಇಂಜೆಕ್ಷನ್, ಒಂದು ಸಲಾನೂ ತಪ್ಪಿಸಲ್ಲ. ಮಕ್ಕಳ ಗಂಟಲು ನೋವನ್ನ ಹಗುರವಾಗಿ ತಗೋಬೇಡಿ ದಯವಿಟ್ಟು.

ಸುಮ್ನೆ_ಕೇಳ್ದೆ:
ಗಂಟಲು ನೋವಿಂದ ಹೃದಯಕ್ಕಾ? ನಿಜವಾಗ್ಲೂ?

ಇಪ್ಪತ್ತೊಂದು_ದಿನ:
ಹೌದು. ಸ್ಟ್ರೆಪ್ಟೋಕಾಕಸ್ ಅನ್ನೋ ರೋಗಾಣು ವಿರುದ್ಧ ಮೈ ಹೋರಾಡುವಾಗ ಕೆಲವು ಮಕ್ಕಳಲ್ಲಿ ಆ ಹೋರಾಟ ಹೃದಯದ ವಾಲ್ವ್ ಮೇಲೇ ತಿರುಗತ್ತೆ. ಎಲ್ಲಾ ಗಂಟಲು ನೋವೂ ಹಾಗಲ್ಲ, ಆದ್ರೆ ಜ್ವರದ ಜೊತೆ ಬಂದ್ರೆ ತೋರ್ಸಿ.

ನಿರ್ವಾಹಕ:
ಈ ಮಾತು ಬೇರೆ ಎಳೆಯಾಗಿ ಶುರು ಮಾಡಿದ್ರೆ ಒಳ್ಳೇದು, ತುಂಬಾ ಜನಕ್ಕೆ ಉಪಯೋಗ ಆಗತ್ತೆ. ಇನ್ನೊಂದು, ಮೇಲೆ ಒಬ್ರು ಮಗುವಿನ ಹೆಸರಿರೋ ರಿಪೋರ್ಟ್ ಫೋಟೋ ಹಾಕಿದ್ರು, ತೆಗೆದಿದೀನಿ. ಹೆಸರು, ಫೈಲ್ ನಂಬರ್ ಮುಚ್ಚಿ ಹಾಕಿ.

ಆರನೇ_ವರ್ಷದ_ನೆನಪು:
ಇಲ್ಲಿ ಎಲ್ಲಾ ಅಪ್ಪ ಅಮ್ಮಂದಿರೇ ಬರೀತಿದಾರೆ, ನಾನು ಆ ಮಗು. 1991ರಲ್ಲಿ 6 ವರ್ಷಕ್ಕೆ ಪಲ್ಮನರಿ ಬಲೂನ್ ಆಯ್ತು. ನೆನಪಿರೋದು ತಣ್ಣನೆ ಕೋಣೆ, ಮೇಲೆ ದೊಡ್ಡ ಯಂತ್ರ, ಎದ್ದ ಮೇಲೆ ಕಾಲು ಮಡಿಸ್ಬೇಡ ಅಂತ ಅಮ್ಮ ಮಂಡಿ ಮೇಲೆ ಕೈ ಇಟ್ಕೊಂಡು ಕೂತಿದ್ದು. ಎಲ್ಲಾ ಸರಿ ಹೋಯ್ತು ಅಂದ್ರು. ಆಮೇಲೆ ಕೆಲವು ವರ್ಷ ತೋರ್ಸಿದ್ರು, ಹೈಸ್ಕೂಲಿಗೆ ಬರೋ ಹೊತ್ತಿಗೆ ಬಿಟ್ಟೇ ಬಿಟ್ವಿ. ಗುಣ ಆಗಿದೆಯಲ್ಲ ಅಂತ.

30 ದಾಟಿದ್ಮೇಲೆ ಸುಸ್ತು ಶುರುವಾಯ್ತು. ವಯಸ್ಸು, ಕೆಲಸ ಅಂತ ಅನ್ಕೊಂಡೆ. ಕೊನೆಗೆ ಎಕೋ, ಎಂಆರ್‌ಐ ಎಲ್ಲಾ ಆದ್ಮೇಲೆ ಗೊತ್ತಾಯ್ತು, ವಾಲ್ವ್ ಪೂರ್ತಿ ಲೀಕ್, ಬಲಗಡೆ ಕೋಣೆ ದೊಡ್ಡದಾಗಿದೆ. ನರ್ಸ್ ಅಕ್ಕ ಹೇಳಿದ ಹಾಗೆ ವರ್ಷಾನುಗಟ್ಲೆ ಸಹಿಸ್ಕೊಂಡಿದೆ, ನಿಜ, ಆದ್ರೆ ಅದು ಮುಗಿಯದ ಸಹನೆ ಅಲ್ಲ. ನನಗೆ ಈಗ ಕ್ಯಾಥೆಟರ್ ಮೂಲಕವೇ ಹೊಸ ವಾಲ್ವ್ ಹಾಕಿದಾರೆ, 2000ದಲ್ಲಿ ಬಾನ್‌ಹೋಫರ್ ಅನ್ನೋ ಡಾಕ್ಟರ್ ಶುರು ಮಾಡಿದ ವಿಧಾನ ಅದು. ಎದೆ ತೆರೀಲಿಲ್ಲ. ಆದ್ರೆ ಇನ್ನೂ ಕೆಲವು ವರ್ಷ ತಡ ಆಗಿದ್ರೆ ಬಲಗಡೆ ಕೋಣೆ ಚೇತರಿಸ್ಕೊಳ್ತಿರ್ಲಿಲ್ಲ ಅಂದ್ರು.

ಸುಮ್ನೆ_ಕೇಳ್ದೆ:
ಅಲ್ಲಿಗೆ ಮತ್ತೆ ಆ ಅಮ್ಮನ್ನ ಹೆದರಿಸಿದ ಹಾಗಾಯ್ತು. ಬಲೂನ್ ಒಳ್ಳೇದು ಅಂತೀರಿ, ಆಮೇಲೆ ಲೀಕ್ ಅಂತೀರಿ.

ಆರನೇ_ವರ್ಷದ_ನೆನಪು:
ಹೆದರಿಸ್ತಿಲ್ಲ ಸಾರ್. ಬಲೂನ್ ಮಾಡ್ಸಿದ್ದಕ್ಕೆ ನನಗೆ ಒಂದು ದಿನಾನೂ ಪಶ್ಚಾತ್ತಾಪ ಇಲ್ಲ, ಓಡಿ ಆಡಿ ಓದಿ ಬೆಳೆದಿದ್ದೇ ಅದರಿಂದ. ನನ್ನ ಕೋಪ ಇರೋದು ತೋರ್ಸೋದನ್ನ ಬಿಟ್ಟಿದ್ದರ ಮೇಲೆ. ನನ್ನ ಜೊತೆ ಅದೇ ವಾರ್ಡಲ್ಲಿದ್ದ ಇನ್ನೊಬ್ಬರಿಗೆ ಇವತ್ತಿಗೂ ಏನೂ ಆಗಿಲ್ಲ, ವರ್ಷಕ್ಕೋ ಎರಡು ವರ್ಷಕ್ಕೋ ಒಂದು ಎಕೋ ಮಾಡಿಸ್ಕೊಂಡು ಆರಾಮಾಗಿದಾರೆ. ಯಾರಿಗೆ ಯಾವ್ದು ಅಂತ ಎಕೋ ಮಾತ್ರ ಹೇಳತ್ತೆ.

ಎರಡು_ಬಲೂನ್_ಅಪ್ಪ:
ನಾನು ಮೊದಲೇ ಇದನ್ನೇ ಹೇಳೋಕೆ ಹೊರಟಿದ್ದು, ಹೇಳೋ ರೀತಿ ತಪ್ಪಿತ್ತು.

ಚಿಕ್ಕಿ_ಅಮ್ಮ:
ಇಲ್ಲ ಅಣ್ಣ, ನನಗೆ ಎಲ್ಲಾನೂ ಬೇಕು. ಗೊತ್ತಿಲ್ದೆ ಹೆದರೋದಕ್ಕಿಂತ ಇದು ಮೇಲು. ಅತ್ತೆ ಡಾಕ್ಟ್ರ ಹತ್ರ ಬಂದಿದ್ರು, ಅರ್ಧ ಗಂಟೆ ಪ್ರಶ್ನೆ ಕೇಳಿದ್ರು. ದಿನ ಗೊತ್ತಾಗಿದೆ. ಮಗೂಗೆ ಏನಂತ ಹೇಳೋದು? ಖಾಲಿ ಹೊಟ್ಟೆಲಿ ಎಷ್ಟು ಹೊತ್ತು ಇರ್ಬೇಕು?

ಕ್ಯಾಥ್‌ಲ್ಯಾಬ್_ನರ್ಸ್:
ಅನಸ್ತೇಷಿಯಾ ಡಾಕ್ಟ್ರು ಹೇಳೋದೇ ಕೊನೆ ಮಾತು. ಸಾಮಾನ್ಯವಾಗಿ ಊಟ, ಹಾಲು 6 ಗಂಟೆ ಮುಂಚೆ ನಿಲ್ಲಿಸ್ತಾರೆ, ಎದೆಹಾಲು ಕುಡಿಯೋ ಕೂಸಿಗೆ 4 ಗಂಟೆ, ಬರೀ ನೀರು 2 ಗಂಟೆ ಮುಂಚೆವರೆಗೂ. ಪಾಪ ಅಂತ ಗುಟ್ಟಾಗಿ ಹಾಲು ಕೊಡ್ಬೇಡಿ, ಹೊಟ್ಟೆಲಿದ್ದದ್ದು ಶ್ವಾಸಕೋಶಕ್ಕೆ ಹೋದ್ರೆ ದೊಡ್ಡ ಅಪಾಯ. ಮುಗಿದ್ಮೇಲೆ 4ರಿಂದ 6 ಗಂಟೆ ಕಾಲು ನೇರ ಇಟ್ಕೊಂಡು ಮಲಗ್ಬೇಕು, ನಿಜವಾದ ಕಷ್ಟ ಅದೇ. ಇಷ್ಟದ ಕಥೆ, ಚಿತ್ರ ರೆಡಿ ಇಟ್ಕೊಳ್ಳಿ. ಮನೆಗೆ ಬಂದ್ಮೇಲೆ ತೂತಿನಿಂದ ರಕ್ತ, ಕಾಲು ತಣ್ಣಗಾಗೋದು ಅಥವಾ ಬಿಳುಚೋದು, ಜ್ವರ, ಉಸಿರು ಜೋರು, ಇದ್ರಲ್ಲಿ ಯಾವ್ದಿದ್ರೂ ಫೋನ್ ಮಾಡಿ, ಬೆಳಗಾಗ್ಲಿ ಅಂತ ಕಾಯ್ಬೇಡಿ.

ಹಿರಿಯಜ್ಜಿ:
ಕೂಸಿಗೆ ಸುಳ್ಳು ಹೇಳಬ್ಯಾಡವ್ವಾ. ಏನೂ ಮಾಡಂಗಿಲ್ಲ ಅಂತ ಹೇಳಿ ಕರಕೊಂಡು ಹೋದ್ರ ಮುಂದ ಡಾಕ್ಟರನ್ನ ಕಂಡ್ರ ಚೀರ್ತದ. ನಿದ್ದಿ ಬರೂ ಔಷಧ ಕೊಡ್ತಾರ, ಎದ್ದಾಗ ನಾ ಇಲ್ಲೇ ಇರ್ತೀನಿ, ಅಷ್ಟ ಹೇಳು.

ಚಿಕ್ಕಿ_ಅಮ್ಮ:
ಬಲೂನ್ ಆಯ್ತು. ಮನೆಗೆ ಬಂದು ನಾಲ್ಕು ದಿನ ಆಯ್ತು, ಈಗ ಬರೆಯೋಕೆ ಕೈ ಬಂತು.

ಒಳಗೆ ಹೋಗಿ ಹೊರಗೆ ಬರೋಕೆ ಒಂದೂವರೆ ಗಂಟೆ. ಮೇಷ್ಟ್ರೇ, ಒಂದು ವಿಷಯ ಗಾಬರಿ ಆಗಿತ್ತು, ಎಕೋದಲ್ಲಿ 70 ಇದ್ದಿದ್ದು ಲ್ಯಾಬಲ್ಲಿ ಬಲೂನ್ ಹಾಕೋಕೆ ಮುಂಚೆ 54 ಅಂತ ಬಂತಂತೆ. ಹಾಗಾದ್ರೆ ಬೇಡದೇ ಇರೋದನ್ನ ಮಾಡ್ಬಿಟ್ರಾ ಅಂತ ಯಜಮಾನ್ರು ಮೊದಲ ಸಲ ಬಾಯಿ ಬಿಟ್ಟು ಕೇಳಿದ್ರು. ಡಾಕ್ಟ್ರು ಸಮಾಧಾನವಾಗಿ ಹೇಳಿದ್ರು, ಅರಿವಳಿಕೆಲಿ ಮಲಗಿದ ಮಗುವಿನ ಹೃದಯ ಕಮ್ಮಿ ರಕ್ತ ತಳ್ಳತ್ತೆ, ಅದಕ್ಕೇ ಅಂಕಿ ಇಳಿಯತ್ತೆ, 40ರ ಮೇಲೇ ಇದೆಯಲ್ಲ ಅಂತ. ಉಂಗುರ 15, ಬಲೂನು 18, ನರ್ಸ್ ಅಕ್ಕ ಬರ್ದ ಲೆಕ್ಕವೇ. ಎರಡು ಸಲ ಉಬ್ಬಿಸಿದ್ರಂತೆ, ಎರಡನೇ ಸಲಕ್ಕೆ ಸೊಂಟ ಹೋಯ್ತಂತೆ.

ಆದ್ರೆ ಮಾರನೇ ದಿನದ ಎಕೋದಲ್ಲಿ ಇನ್ನೂ 36 ತೋರಿಸ್ತಿದೆ. ವಾಲ್ವ್ ಚೆನ್ನಾಗಿ ತೆರ್ಕೊಂಡಿದೆ, ಉಳಿದಿರೋದು ವಾಲ್ವಿನ ಕೆಳಗಿನ ದಪ್ಪ ಸ್ನಾಯು ಹಿಚುಕ್ತಿರೋದು, ಅದು ತಾನಾಗಿ ಇಳಿಯತ್ತೆ ಅಂತ ಪ್ರೊಪ್ರನೊಲಾಲ್ ಅನ್ನೋ, ಹೃದಯದ ಬಡಿತದ ಬಿರುಸು ತಗ್ಗಿಸೋ ಸಿರಪ್ ಕೊಟ್ಟಿದಾರೆ. ಯಾರಿಗಾದ್ರೂ ಹೀಗಾಗಿತ್ತಾ?

ಗಣಿತ_ಮೇಷ್ಟ್ರು:
ನನ್ನ ಮಗಳಿಗೆ ಹೀಗೇ ಆಗಿತ್ತು. ವರ್ಷಗಟ್ಲೆ ಒತ್ತಿ ದಪ್ಪ ಆದ ಸ್ನಾಯು, ಮುಂದಿನ ಬಾಗಿಲು ದಿಢೀರ್ ಅಂತ ತೆರೆದಾಗ ಅದೇ ಬಿಗಿಯಾಗಿ ಮುಚ್ಕೊಳ್ಳೋಕೆ ಶುರು ಮಾಡತ್ತೆ. ಭಾರ ಕಮ್ಮಿ ಆಗಿದೆ ಅಂತ ಅದಕ್ಕೆ ಅರ್ಥ ಆಗೋಕೆ ವಾರಗಳು, ತಿಂಗಳುಗಳು ಬೇಕು. ನಮಗೆ 4 ತಿಂಗಳಲ್ಲಿ 41ರಿಂದ 18. ಸಿರಪ್ ಹೊತ್ತು ತಪ್ಪಿಸ್ಬೇಡಿ, ಮಗು ಏನೂ ತಿನ್ದೇ ಇದ್ದಾಗ, ವಾಂತಿ ಆಗ್ತಿದ್ದಾಗ ಮಾತ್ರ ಕೊಡೋ ಮುಂಚೆ ಡಾಕ್ಟ್ರನ್ನ ಕೇಳಿ, ಆ ಔಷಧಿ ಸಕ್ಕರೆ ಅಂಶ ಇಳಿಸ್ಬಿಡಬಹುದು.

ಆರನೇ_ವರ್ಷದ_ನೆನಪು:
ಅಕ್ಕಾ, ಬಲೂನ್ ಮಾಡಿದ ದಿನದ ರಿಪೋರ್ಟು, ಸಿಡಿ ಒಂದೊಂದು ಕಾಪಿ ಈಗ್ಲೇ ತಗೊಂಡಿಡಿ. 28 ವರ್ಷ ಆದ್ಮೇಲೆ ನನ್ನ ಬಲೂನಿನ ಅಳತೆ ಕೇಳಿದ್ರು, ಎಲ್ಲೂ ಸಿಗ್ಲಿಲ್ಲ.

ಚಿಕ್ಕಿ_ಅಮ್ಮ:
ನಾಳೆನೇ ತಗೋತೀನಿ.

ಚಿಕ್ಕಿ_ಅಮ್ಮ:
ಮೂರು ತಿಂಗಳ ಎಕೋ ಇವತ್ತಾಯ್ತು. ವೇಗ ಸೆಕೆಂಡಿಗೆ 2 ಮೀಟರ್. ನಾನೇ ಲೆಕ್ಕ ಹಾಕ್ದೆ, 16! ಸಣ್ಣ ಲೀಕ್ ಇದೆ, ಪರವಾಗಿಲ್ಲ ಅಂದ್ರು. ಸಿರಪ್ ನಿಲ್ಲಿಸಿದಾರೆ. ಹಲ್ಲು ಚೆನ್ನಾಗಿ ತಿಕ್ಸಿ, ಹುಳುಕು ಹಲ್ಲಿನಿಂದ ವಾಲ್ವಿಗೆ ಸೋಂಕು ಹೋಗ್ಬಹುದು ಅಂದ್ರು. ಇನ್ನು ಆರು ತಿಂಗಳಿಗೆ, ಆಮೇಲೆ ವರ್ಷಕ್ಕೊಂದು. ಆ ತಾರೀಖನ್ನ ಅತ್ತೇನೇ ಗೋಡೆ ಕ್ಯಾಲೆಂಡರಲ್ಲಿ ಗುರುತು ಹಾಕಿದ್ರು.

ನಡುರಾತ್ರಿ_ಓದು:
ಹೃದಯ ತುಂಬಿ ಬಂತು ಮೇಡಂ!!

ಹೊಸ_ಅಪ್ಪ_ಒಬ್ಬ:
ನಮಸ್ಕಾರ, ಎಲ್ಲಾ ಓದ್ದೆ, ರಾತ್ರಿಯಿಂದ ನಿದ್ದೆ ಇಲ್ಲ. ನಮ್ಮ ಮಗನಿಗೆ 7 ತಿಂಗಳು, ವಾಲ್ವ್ ಕಿರಿದಾಗಿದೆ ಬಲೂನ್ ಹಾಕ್ಬೇಕು ಅಂತ ನೆನ್ನೆ ಹೇಳಿದ್ರು. ಏನೂ ತೋಚ್ತಿಲ್ಲ.

ಚಿಕ್ಕಿ_ಅಮ್ಮ:
ಅಣ್ಣ, ನಾವೆಲ್ಲಾ ಇದೀವಿ. ಎಕೋ ರಿಪೋರ್ಟು ಕೈಗೆ ತಗೊಳ್ಳಿ. ಮಗುವಿನ ಹೆಸರು ಬರೀಬೇಡಿ. ಯಾವ ವಾಲ್ವ್ ಅಂತ ಇದೆ?